ಒಂದೇ ಲ್ಯಾಪ್‌ಟಾಪ್, ಎರಡು ಗಿಟ್‌ಹಬ್ ಖಾತೆ

ಕಚೇರಿಯದೊಂದು, ಸ್ವಂತದ್ದೊಂದು ಎಂದು ಗಿಟ್‌ಹಬ್‌ನಲ್ಲಿ (ಕೋಡ್ ಇಡುವ ತಾಣ) ಎರಡು ಖಾತೆ ಇಟ್ಟುಕೊಂಡವರು ಗಮನಿಸಿ. ಒಂದೇ ಎಸ್‌ಎಸ್‌ಎಚ್ ಕೀಲಿಯನ್ನು (ಪಾಸ್‌ವರ್ಡ್ ಬದಲು ನಿಮ್ಮ ಗುರುತು ತೋರಿಸುವ ಕಡತ) ಎರಡಕ್ಕೂ ಸೇರಿಸಲು ಆಗುವುದಿಲ್ಲ. ಲಾಗಿನ್ ಹೆಸರು ಎಲ್ಲರಿಗೂ ‘ಗಿಟ್’ ಎಂದೇ ಇರುವುದರಿಂದ, ಬಂದವರು ಯಾರೆಂದು ತಿಳಿಯುವುದು ಕೀಲಿಯಿಂದ ಮಾತ್ರ.

ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆ ಬಳಸಿ ಖಾತೆಗೊಂದರಂತೆ ಇಡಿ25519 ಬಗೆಯ ಕೀಲಿ ಮಾಡಿ, ಬೇರೆ ಬೇರೆ ಹೆಸರಿನಲ್ಲಿ ಉಳಿಸಿ (ಹಳೆಯದರ ಮೇಲೆಯೇ ಬರೆದುಬಿಟ್ಟೀರಿ, ಜೋಕೆ). ಅದರ ಸಾರ್ವಜನಿಕ ಭಾಗವನ್ನು ಆಯಾ ಖಾತೆಗೆ ಸೇರಿಸಿ. ಬಳಿಕ ಎಸ್‌ಎಸ್‌ಎಚ್ ಫೋಲ್ಡರಿನ ಕಾನ್ಫಿಗ್ ಕಡತದಲ್ಲಿ ಎರಡು ‘ಹೋಸ್ಟ್’ ಅಡ್ಡಹೆಸರು ಬರೆಯಿರಿ. ಹೋಸ್ಟ್‌ನೇಮ್ ಎರಡಕ್ಕೂ ಗಿಟ್‌ಹಬ್ ಡಾಟ್ ಕಾಮ್. ಯಾವ ಕೀಲಿಯೆಂದು ಹೇಳುವ ಐಡೆಂಟಿಟಿಫೈಲ್ ಮಾತ್ರ ಬೇರೆ. ರಿಮೋಟ್ ವಿಳಾಸದಲ್ಲಿ (ಗಿಟ್ ನಿಮ್ಮ ಕೋಡನ್ನು ಕಳಿಸುವ, ತರುವ ವಿಳಾಸ) ಗಿಟ್‌ಹಬ್ ಡಾಟ್ ಕಾಮ್ ಇದ್ದ ಜಾಗಕ್ಕೆ ಆ ಅಡ್ಡಹೆಸರನ್ನು ಹಾಕಿ.

ನಾನು ಇಡೀ ಸಂಜೆ ಕಳೆದುಕೊಂಡದ್ದು ‘ಐಡೆಂಟಿಟೀಸ್‌ಓನ್ಲಿ ಯೆಸ್’ ಎಂಬ ಒಂದು ಸಾಲನ್ನು ಆ ಕಾನ್ಫಿಗ್ ಕಡತದಲ್ಲಿ ಬಿಟ್ಟಿದ್ದಕ್ಕೆ. ಅದಿಲ್ಲದಿದ್ದರೆ ಏಜೆಂಟ್ (ಕೀಲಿಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ) ತನ್ನ ಬಳಿಯ ಬೇರೆ ಕೀಲಿಗಳನ್ನೂ ಸರದಿಯಂತೆ ಮುಂದೊಡ್ಡುತ್ತದೆ. ಮೊದಲು ಹೊಂದಿದ ಕೀಲಿ ಯಾರದೋ, ನೀವು ಅವರೇ! ಆಮೇಲೆ ಕಣ್ಣೆದುರಿಗಿರುವ ಖಾಸಗಿ ರಿಪಾಸಿಟರಿಯೇ (ಕೋಡ್ ಸಂಗ್ರಹ) ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಎಸ್‌ಎಸ್‌ಎಚ್ ಆಜ್ಞೆಗೆ ದೊಡ್ಡ ‘ಟಿ’ ಆಯ್ಕೆ ಮತ್ತು ‘ಗಿಟ್@ಅಡ್ಡಹೆಸರು’ ಕೊಟ್ಟು ನೋಡಿ, ಯಾವ ಖಾತೆಯೆಂದು ಹೆಸರು ಹಿಡಿದೇ ಹೇಳುತ್ತದೆ.

ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಕಾಣುವ ಇಮೇಲ್‌ಗೂ ಈ ಕೀಲಿಗೂ ಸಂಬಂಧವಿಲ್ಲ. ಅದನ್ನು ಪ್ರತಿ ರಿಪಾಸಿಟರಿಯ ಗಿಟ್ ಕಾನ್ಫಿಗ್‌ನಲ್ಲಿ ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು.