ಐದು ಕೃತಿ, ಒಂದೇ ಮೈಕು ಜಾಗ: ಕ್ವಾರ್ಟೆಟ್ ಆಲ್ಬಮ್ ಮಾಡಿದ ಬಗೆ

ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಸೇರಿದ ಕ್ವಾರ್ಟೆಟ್ಟಿಗೆಂದು ಬರೆದ, ಬೇರೆ ಬೇರೆ ಕಾಲದ ಐದು ಕೃತಿಗಳನ್ನು ಒಂದೇ ಆಲ್ಬಮ್ಮಿಗೆ ಸೇರಿಸುವಾಗ ನಾವು ಮೊದಲು ಮಾಡಿಕೊಂಡ ಕಟ್ಟುಪಾಡು, ಮೈಕು ಜರುಗಿಸಬಾರದು ಎಂಬುದು. ಕೃತಿಗೊಂದು ಜಾಗ ಹುಡುಕಿದರೆ ಟ್ರ್ಯಾಕ್ ಬದಲಾದಾಗಲೆಲ್ಲ ಹಾಲ್ ಕೂಡ ಬದಲಾದಂತೆ ಕೇಳಿಸುತ್ತದೆ. ನಾದದ ಬಣ್ಣ ಬರಬೇಕಾದ್ದು ವಾದ್ಯದ ಕಮಾನಿನಿಂದ.

ಆಯ್ದುಕೊಂಡ ಕೃತಿಗಳು: ಹೈಡನ್‌ನ ಆಪಸ್ (ಕೃತಿಸಂಖ್ಯೆ) 33ರ 2ನೆಯ ಕ್ವಾರ್ಟೆಟ್ (1781), ಶೂಬರ್ಟ್‌ನ ಒಂದೇ ಭಾಗದ ಸಿ ಮೈನರ್ ಕ್ವಾರ್ಟೆಟ್ (1820), ವೋಲ್ಫ್‌ನ ಇಟಾಲಿಯನ್ ಸೆರೆನೇಡ್ (1887), ವೆಬರ್ನ್‌ನ ಆರು ಬಗಟೆಲ್ (ಪುಟ್ಟ ತುಣುಕುಗಳು), ಡೆಬ್ಯುಸಿಯ ಕ್ವಾರ್ಟೆಟ್ (1893). ಒಟ್ಟು ಸುಮಾರು 63 ನಿಮಿಷ. ಕಾಲಾನುಕ್ರಮ ಮುರಿದದ್ದು ಒಂದೇ ಕಡೆ. ವೋಲ್ಫ್ ಜಿ ಮೇಜರ್, ಡೆಬ್ಯುಸಿ ಜಿ ಮೈನರ್; ಎರಡಕ್ಕೂ ಆಧಾರಸ್ವರ ಜಿ. ಒಂದರ ಬೆನ್ನಿಗೊಂದು ಬಂದರೆ ಕಿವಿ ಜಿಗೇ ಅಂಟಿಕೊಳ್ಳುತ್ತದೆ. ಕಾಲದಲ್ಲಿ ಈ ಎರಡಕ್ಕೂ ಈಚಿನದಾದರೂ, ನಾಲ್ಕು ನಿಮಿಷದ ವೆಬರ್ನ್ ನಡುವೆ ಬಂದು ಆ ಆಧಾರಸ್ವರವನ್ನು ಅಳಿಸಿಹಾಕುತ್ತಾನೆ.

ಹೆಚ್ಚು ಸಮಯ ತಿಂದದ್ದು ಶ್ರುತಿ. ಚೆಲ್ಲೊದ ಸಿ ತಂತಿಯಿಂದ ಪಿಟೀಲಿನ ಇ ತಂತಿಯವರೆಗೆ ಎಲ್ಲವನ್ನೂ ಶುದ್ಧ ಪಂಚಮಕ್ಕೆ ಕೂಡಿಸುತ್ತ ಹೋದರೆ, ಕೊನೆಯ ಇ ಆ ಸಿಗೆ ಸರಿಯಾಗಿ ಕೂಡುವ ಅಂತರ ಗಾಂಧಾರವಾಗದೆ ಸುಮಾರು 22 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ ನಿಲ್ಲುತ್ತದೆ. ಬೆರಳೊತ್ತದ ಬಿಡಿ ತಂತಿಗಳು ಒಟ್ಟಿಗೆ ನುಡಿದಾಗ ಅದು ಚುಚ್ಚುತ್ತದೆ. ಅದಕ್ಕೇ ಪಂಚಮಗಳನ್ನು ಕೂದಲೆಳೆಯಷ್ಟು ಕಿರಿದು ಮಾಡಿ, ವಯೋಲಾ ಮತ್ತು ಚೆಲ್ಲೊದ ಸಿ ತಂತಿಯನ್ನು ತುಸು ಏರಿಸಿಕೊಂಡೆವು. ಎ ಸ್ವರವನ್ನು 442 ಹರ್ಟ್ಸಿಗೆ ನಿಲ್ಲಿಸಿ, ಪ್ರತಿ ಟೇಕಿಗೂ (ಒಂದು ಸಲದ ರೆಕಾರ್ಡಿಂಗಿಗೂ) ಮುಂಚೆ ಟ್ಯೂನರಿನಲ್ಲಿ ನೋಡಿದೆವು. ಸದ್ದು ಮಾಡುತ್ತದೆಂದು ಎ.ಸಿ. ಆರಿಸಿದ ಮೇಲೆ ಹಾಲ್ ಬಿಸಿಯಾಗಿ ಶ್ರುತಿ ಅಲುಗುತ್ತದೆ. ಬೆಳಗಿನ ಟೇಕಿಗೆ ಸಂಜೆಯ ತುಣುಕು ಕೂಡುವುದೇ ಇಲ್ಲ. ಹೊಸ ತಂತಿಯನ್ನು ಐದು ದಿನ ಮೊದಲೇ ಹಾಕಿ ಎಳೆತ ಕುದುರಿಸಿಕೊಳ್ಳಬೇಕು.

ಮುಖ್ಯ ಮೈಕು ಜೋಡಿ 17 ಸೆಂ.ಮೀ. ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ, ನೆಲದಿಂದ 2.4 ಮೀಟರ್ ಎತ್ತರದಲ್ಲಿತ್ತು. ವಾದ್ಯಗಳ ಹತ್ತಿರದ ಮೈಕುಗಳು ಬರೀ ಒತ್ತಾಸೆಗೆ. ಅವು ಮುಖ್ಯ ಜೋಡಿಗಿಂತ 2 ಮೀಟರ್ ಹತ್ತಿರವಿದ್ದರೆ ಸದ್ದು ಸುಮಾರು 6 ಮಿಲಿಸೆಕೆಂಡ್ ಮುಂಚೆ ಮುಟ್ಟುತ್ತದೆ. ಅಷ್ಟು ತಡಮಾಡಿ ಬೆರೆಸದಿದ್ದರೆ ವಾದ್ಯ ಗುಂಪಿನಿಂದ ಎದ್ದು ಮುಂದೆ ಬಂದು ಕೂತಂತಾಗುತ್ತದೆ.

ಪ್ರತಿ ಭಾಗವನ್ನೂ ಎರಡು ಸಲ ಪೂರ್ತಿ ನುಡಿಸಿ, ಚೆನ್ನಾಗಿದ್ದದ್ದನ್ನು ಆಧಾರವಾಗಿಟ್ಟುಕೊಂಡು, ಆಮೇಲಷ್ಟೇ ತೇಪೆ, ಅಂದರೆ ತಪ್ಪಿದ ಕಡೆಯನ್ನಷ್ಟೇ ಮತ್ತೆ ನುಡಿಸಿ ಕೂಡಿಸುವುದು. ತೇಪೆಗೆ ಕನಿಷ್ಠ ನಾಲ್ಕು ಬಾರ್ (ತಾಳದ ಆವರ್ತ) ಹಿಂದಿನಿಂದ ಶುರುಮಾಡಬೇಕು. ಹಿಂದಿನ ಸ್ವರದ ಅನುರಣನ ಹಾಲಿನಲ್ಲಿ ಉಳಿದಿರದಿದ್ದರೆ ಹೊಲಿಗೆ ಕಾಣುತ್ತದೆ. ಕತ್ತರಿಸುವ ಜಾಗ ಹೊಸ ಸ್ವರದ ಎತ್ತುಗಡೆಯಲ್ಲಿರಲಿ, ಎಳೆದ ಸ್ವರದ ಮಧ್ಯೆ ಎಂದೂ ಬೇಡ. ಮೆಟ್ರೊನೋಮ್ ಬದಲು ಆಧಾರ ಟೇಕಿನ ಆ ಬಾರ್‌ಗಳನ್ನೇ ಕೇಳಿ ಕಾಲ ಹಿಡಿಯುವುದು ವಾಸಿ.

ವೆಬರ್ನ್‌ನಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಪಕ್ಕ ಕಮಾನು ಎಳೆಯುವಾಗ ಸ್ವರಕ್ಕಿಂತ ಕುರ್ಚಿಯ ಕಿರಕಿರ ಜೋರು. ಕುರ್ಚಿ ಕಾಲಿಗೆ ಬಟ್ಟೆ ಕಟ್ಟಿದೆವು, ಪುಟ ಮಗುಚುವ ಬದಲು ಹಾಳೆಗಳನ್ನು ಅಗಲಕ್ಕೆ ಅಂಟಿಸಿದೆವು. ಡೆಬ್ಯುಸಿಯ ಎರಡನೆಯ ಭಾಗದ ಮೀಟುಗಳಲ್ಲಿ ಇನ್ನೊಂದು ತೊಂದರೆ: ನಾಲ್ವರೂ ಒಟ್ಟಿಗೆ ಮೀಟಿದರೂ ಚೆಲ್ಲೊದ ದಪ್ಪ ತಂತಿ ತಡವಾಗಿ ಮಾತಾಡುತ್ತದೆ. ಚೆಲ್ಲೊ ಒಂದೆಳೆ ಮುಂಚೆ ಮೀಟಿದರೇ ಕೇಳುವವರಿಗೆ ಒಟ್ಟಿಗೆ.

ಹೈಡನ್‌ನ ಕೊನೆಯ ಭಾಗಕ್ಕೆ ತೇಪೆ ಹಾಕಲೇಬಾರದು. ಮುಗಿಯಿತು ಎನ್ನಿಸಿ ಮತ್ತೆ ಶುರುವಾಗುವ ಅದರ ತಮಾಷೆಯೆಲ್ಲ ಮೌನಗಳಲ್ಲಿದೆ. ಆ ಮೌನಗಳಲ್ಲಿ ಹಾಲಿನ ಉಸಿರು ಕೇಳಬೇಕು. ಅಲ್ಲಿ ಪೂರ್ಣ ಶೂನ್ಯ ತುಂಬಿದರೆ ಯಂತ್ರ ಕೆಟ್ಟುನಿಂತಂತೆ. ಟ್ರ್ಯಾಕುಗಳ ನಡುವಿನ ಬಿಡುವಿಗೂ ಅದೇ ಉಸಿರು ಬೇಕೆಂದು ಪ್ರತಿ ಸರದಿಯಲ್ಲೂ ಒಂದು ನಿಮಿಷ ಖಾಲಿ ಹಾಲನ್ನೇ ರೆಕಾರ್ಡ್ ಮಾಡಿಟ್ಟೆವು. ಉಳಿದ ಕೃತಿಗಳ ನಡುವೆ 7 ಸೆಕೆಂಡ್ ಸಾಕಾಯಿತು. ಹೈಡನ್ ಆದಮೇಲೆ ಮಾತ್ರ 10 ಬೇಕಾಯಿತು. ಕಡಿಮೆ ಬಿಟ್ಟರೆ ಮೆಲ್ಲಗೆ ಶುರುವಾಗುವ ಶೂಬರ್ಟ್ ಕೂಡ ಹೈಡನ್‌ನ ಇನ್ನೊಂದು ಚೇಷ್ಟೆಯಂತೆ ಕೇಳುತ್ತಿತ್ತು.