ಮಕ್ಕಳಿಗೆ ಮನೆಯಲ್ಲೇ ಕಲಿಸುದು ಹೇಗೆ: ಹೊಸದಾಗಿ ಶುರು ಮಾಡುವ ಕ್ರೈಸ್ತ ಕುಟುಂಬಗಳಿಗೆ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸ್ಬೇಕು ಅಂತ ಮನಸ್ಸುಂಟು, ಎಲ್ಲಿಂದ ಶುರು ಮಾಡುದು ಅಂತ ಕೇಳುವವರು ನಮ್ಮ ಸಭೆಯಲ್ಲೇ ಈಗ ಸುಮಾರು ಮಂದಿ ಆಗಿದ್ದಾರೆ, ಪ್ರತಿ ಸಲ ಚರ್ಚಿನ ಗೇಟಿನ ಹತ್ರ ನಿಂತು ಅರ್ಧಂಬರ್ಧ ಹೇಳುದಕ್ಕಿಂತ ಒಂದೇ ಕಡೆ ಬರೆದು ಬಿಡ್ತೇನೆ. ನಾವು ಮಂಗಳೂರಿನವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಮಗಳಿಗೆ ಹತ್ತು ದಾಟಿದೆ, ಮಗನಿಗೆ ಆರು. ಕೆಳಗಿನದ್ದೆಲ್ಲ ಈ ವಯಸ್ಸಿನ ಮಕ್ಕಳಿಗೆ ಅಂತ ತಿಳ್ಕೊಳ್ಳಿ.

ಮೊದಲನೇದು, ಪುಸ್ತಕದ ಪೆಟ್ಟಿಗೆ ಆರ್ಡರ್ ಮಾಡ್ಬೇಡಿ. ಹೋಮ್‌ಸ್ಕೂಲಿಂಗ್ ಅಂದ ಕೂಡ್ಲೇ ಎಲ್ರೂ ಹುಡುಕುದು ಅಮೆರಿಕದ ಕ್ರಿಶ್ಚಿಯನ್ ಕರಿಕ್ಯುಲಮ್ಮನ್ನೇ, ನೋಡ್ಲಿಕ್ಕೆ ಬಹಳ ಚಂದ, ಆದ್ರೆ ಶಿಪ್ಪಿಂಗು ಕಸ್ಟಮ್ಸು ಸೇರಿ ಕೈ ಸುಡ್ತದೆ, ಮತ್ತೆ ಒಳಗೆ ನೋಡಿದ್ರೆ ಲೆಕ್ಕದಲ್ಲಿ ಡೈಮು ಕ್ವಾರ್ಟರು ಅನ್ನುವ ಅಲ್ಲಿಯ ನಾಣ್ಯ, ಇಂಚು ಪೌಂಡು, ಚರಿತ್ರೆ 1620ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದವರಿಂದ ಶುರು, ಪ್ರಕೃತಿ ಪಾಠದಲ್ಲಿ ಹಿಮ. ನಮ್ಮ ಅಂಗಳದಲ್ಲಿ ಮೇ ತಿಂಗಳಲ್ಲಿ ಹಲಸಿನಹಣ್ಣು ಬೀಳ್ತದೆ, ಜೂನ್‌ನಲ್ಲಿ ಮಳೆ ಹಿಡೀತದೆ, ಅದರ ಪಾಠ ಅಲ್ಲಿ ಇಲ್ಲ. ಇಂಗ್ಲಿಷ್ ಓದಲಿಕ್ಕೆ ಕಲಿಸುವ ಫೋನಿಕ್ಸ್ ಪುಸ್ತಕ ಮಾತ್ರ ಯಾರಾದ್ರೂ ಕೊಟ್ರೆ ತಗೊಳ್ಳಿ, ಅದು ಚೆನ್ನಾಗಿರ್ತದೆ.

ಬೇಕಾದ್ದು ಎಂತಂದ್ರೆ ಒಂದು ಕನ್ನಡ ಸತ್ಯವೇದ, ಒಂದು ಲೆಕ್ಕದ ಪುಸ್ತಕ, ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ಸಿಲು. ಕನ್ನಡ ಸತ್ಯವೇದ ಅಂತ ಯಾಕೆ ಒತ್ತಿ ಹೇಳ್ತೇನೆ ಅಂದ್ರೆ, ಮನೆಯಲ್ಲೇ ಕಲಿಯುವ ಕ್ರೈಸ್ತ ಮಕ್ಕಳು ಪ್ರಾರ್ಥನೆ, ಹಾಡು, ಬೈಬಲ್ ಕಥೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿತು ಕಡೆಗೆ ಅಜ್ಜಿ ಜೊತೆ ಕೂತು ಒಂದು ಕೀರ್ತನೆ ಓದ್ಲಿಕ್ಕೂ ಬಾರದ ಹಾಗೆ ಆಗುದನ್ನು ನಾನು ಸುಮಾರು ಮನೆಗಳಲ್ಲಿ ನೋಡಿದ್ದೇನೆ. ಶಾಲೆಯಲ್ಲಾದ್ರೆ ಕನ್ನಡ ಒಂದು ಸಬ್ಜೆಕ್ಟಾಗಿ ಆದ್ರೂ ಉಳೀತದೆ, ಮನೆಯಲ್ಲಿ ನಾವು ಕಲಿಸದಿದ್ರೆ ಅದೂ ಇಲ್ಲ.

ಟೈಮ್ ಎಷ್ಟು ಬೇಕು

ಎಂಟು ವರ್ಷದ ಒಳಗಿನ ಮಕ್ಕಳಿಗೆ ಬೆಳಿಗ್ಗೆ ಎರಡು ಗಂಟೆ ಧಾರಾಳ, ಹತ್ತು ಹನ್ನೆರಡರವರಿಗೆ ಮೂರು. ಒಂಬತ್ತರಿಂದ ನಾಲ್ಕರವರೆಗೆ ಕೂರಿಸುದು ಶಾಲೆಯ ಅಗತ್ಯ, ಅಲ್ಲಿ ನಲವತ್ತು ಮಕ್ಕಳು, ಹಾಜರಿ, ಸಾಲು, ಗಲಾಟೆ ಎಲ್ಲ ಉಂಟು. ಒಂದೊಂದು ಪಾಠ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಳೀಬೇಡಿ. ಇದು ನನ್ನ ಸ್ವಂತ ಬುದ್ಧಿ ಅಲ್ಲ, ಇಂಗ್ಲೆಂಡಿನ ಶಾರ್ಲಟ್ ಮೇಸನ್ (1842–1923) ಅನ್ನುವ ಶಿಕ್ಷಕಿ ನೂರು ವರ್ಷಕ್ಕೂ ಹಿಂದೆ ಇದನ್ನೇ ಹೇಳಿದ್ದು, ಚಿಕ್ಕ ಪಾಠ, ಪೂರ್ತಿ ಗಮನ, ಮತ್ತೆ ಮಗು ತನ್ನ ಬಾಯಲ್ಲಿ ತಿರುಗಿ ಹೇಳ್ಬೇಕು. ಕ್ರೈಸ್ತ ಹೋಮ್‌ಸ್ಕೂಲ್ ಮಾಡುವವರಲ್ಲಿ ಈಗಲೂ ಸುಮಾರು ಮಂದಿ ಅವರ ದಾರಿ ಹಿಡೀತಾರೆ.

ನಮ್ಮಲ್ಲಿ ಕುಟುಂಬ ಪ್ರಾರ್ಥನೆ ರಾತ್ರಿ ಊಟಕ್ಕೆ ಮೊದಲು ಮಾಡುವ ರೂಢಿ, ಅದನ್ನು ಹಾಗೇ ಇಡಿ, ಬೆಳಿಗ್ಗೆ ಪಾಠಕ್ಕೆ ಕೂರುವಾಗ ಒಂದು ಹಾಡು, ಕಂಠಪಾಠ ವಚನ, ಚಿಕ್ಕ ಪ್ರಾರ್ಥನೆ, ಅಷ್ಟೆ. ಧರ್ಮೋಪದೇಶಕಾಂಡ ಆರನೇ ಅಧ್ಯಾಯದಲ್ಲಿ ಮಕ್ಕಳಿಗೆ ಕಲಿಸುವ ವಿಷಯ ಬರುವಾಗ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತ ಉಂಟಲ್ವಾ, ಅಲ್ಲಿ ಮುಕ್ಕಾಲು ಗಂಟೆ ಪ್ರಸಂಗ ಮಾಡಿ ಅಂತ ಎಲ್ಲೂ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಉದ್ದ ಪ್ರಾರ್ಥನೆ ಮಾಡಿ ಮಕ್ಕಳನ್ನು ತೂಕಡಿಸುವ ಹಾಗೆ ಮಾಡಿದ್ರೆ ಆಮೇಲೆ ಮಗ್ಗಿ ಹೇಳಿಸ್ಲಿಕ್ಕೆ ನಿಮಗೇ ಕಷ್ಟ.

ತಿರುಗಿ ಹೇಳಿಸುದು

ಇದೊಂದನ್ನು ಸರಿಯಾಗಿ ಕಲಿತ್ರೆ ಸಾಕು, ಅರ್ಧ ಕೆಲಸ ಆಯ್ತು. ಮಾಡುದು ಹೀಗೆ: ಲೂಕ ಐದನೇ ಅಧ್ಯಾಯ, 17ರಿಂದ 26, ಪಾರ್ಶ್ವವಾಯು ರೋಗಿಯನ್ನು ಮಾಡಿನಿಂದ (ಛಾವಣಿಯಿಂದ) ಇಳಿಸಿದ ಕಥೆ. ಒಂದೇ ಸಲ ನಿಧಾನಕ್ಕೆ ಓದಿ. ಎರಡನೇ ಸಲ ಓದ್ಲೇಬೇಡಿ, ಎರಡನೇ ಸಲ ಉಂಟು ಅಂತ ಗೊತ್ತಾದ್ರೆ ಮೊದಲನೇ ಸಲ ಯಾವ ಮಗುವೂ ಕೇಳುದಿಲ್ಲ. ಪುಸ್ತಕ ಮುಚ್ಚಿ, "ಈಗ ನೀನು ಹೇಳು" ಅನ್ನಿ. ನಮ್ಮ ಮಗ ಇದನ್ನು ಹೇಳ್ತಾ ಜನ ತುಂಬಿದ್ರು, ಒಳಗೆ ಹೋಗ್ಲಿಕ್ಕೆ ಜಾಗ ಇಲ್ಲ, ಮೇಲೆ ಹತ್ತಿದ್ರು, ಹಂಚು ತೆಗೆದ್ರು ಅಂತ ಸರಿಯಾಗಿ ಬಂದು ಅಲ್ಲಿ ನಿಂತ್ಕೊಂಡ, "ಅಮ್ಮ, ಹಂಚು ತೆಗೆದ್ರೆ ಆ ಮನೆಯವರು ಬೈಲಿಲ್ವಾ?" ಅಂತ. ಹೇಳುವಾಗ ಮಧ್ಯೆ ತಿದ್ದಬೇಡಿ, ಹೆಸರು ತಪ್ಪಿದ್ರೂ ಬಿಡಿ, ಮುಗಿದ ಮೇಲೆ ದೊಡ್ಡ ಮಗುವಿಗೆ "ಎಂತದಾದ್ರೂ ಬಿಟ್ಟು ಹೋಯ್ತಾ?" ಅಂತ ಕೇಳಿ, ಅವಳು ಸೇರಿಸ್ತಾಳೆ. ದೊಡ್ಡವಳಿಗೆ ಇನ್ನೊಂದು ಕೆಲಸ, ಇದೇ ಕಥೆಯನ್ನು ಮಾರ್ಕ ಎರಡನೇ ಅಧ್ಯಾಯದಲ್ಲಿ ಓದಿ ಎಲ್ಲೆಲ್ಲಿ ಬೇರೆ ಉಂಟು ಅಂತ ಹುಡುಕಿ ಐದಾರು ವಾಕ್ಯ ಬರೀಬೇಕು. ಹೊತ್ತು ತಂದವರು ನಾಲ್ಕು ಮಂದಿ ಅಂತ ಇರುದು ಮಾರ್ಕನಲ್ಲಿ ಮಾತ್ರ. ಓದು, ಬರಹ, ವ್ಯಾಕರಣ, ಹೋಲಿಸಿ ನೋಡುದು ಎಲ್ಲ ಅದರಲ್ಲೇ ಆಗಿ ಹೋಗ್ತದೆ.

ಮತ್ತೆ ಅಲ್ಲಿಂದಲೇ ಬೇರೆ ಪಾಠಕ್ಕೆ ದಾರಿ ಸಿಗ್ತದೆ. ಹಂಚಿನ ಮಾತು ಬಂದ ಮೇಲೆ ಮಂಗಳೂರಿನಲ್ಲಿ ಬಿಡ್ಲಿಕ್ಕಾಗ್ತದಾ ಮಾರಾಯ್ರೆ! ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ನಮ್ಮದೇ ನದಿ ದಂಡೆಯ ಜೇಡಿಮಣ್ಣಿನಲ್ಲಿ. ಹಳೇ ಮನೆ ಕೆಡವಿದ ಕಡೆ ಒಂದು ಹಂಚು ಕೇಳಿ ತನ್ನಿ, ಹಿಂಬದಿಯಲ್ಲಿ ಉಬ್ಬು ಅಕ್ಷರ ಇರ್ತದೆ, ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಓರೆಯಾಗಿ ಉಜ್ಜಿದ್ರೆ ಕಾರ್ಖಾನೆ ಹೆಸರು ಮೂಡ್ತದೆ, ಮಕ್ಕಳಿಗೆ ಅದು ಜಾದೂ ಇದ್ದ ಹಾಗೆ. 1865 ಅಂತ ಇದ್ರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ, ಅದನ್ನೂ ಹೇಳಿ. ಆಮೇಲೆ ಹಂಚನ್ನು ತೂಕಕ್ಕೆ ಇಡಿ, ಒಂದು ಚದರ ಮೀಟರ್ ಮಾಡಿಗೆ ಸುಮಾರು ಹದಿನೈದು ಹಂಚು ಬೇಕು, ಹಾಗಾದ್ರೆ ನಮ್ಮ ಹಾಲಿಗೆ ಎಷ್ಟು, ಹಂಚಿನ ಕೆಳಗಿನ ಮರದ ಪಕ್ಕಾಸು ರೀಪು ಎಷ್ಟು ಭಾರ ಹೊರಬೇಕು ಅಂತ ಮಗಳಿಗೆ ಲೆಕ್ಕ ಕೊಡಿ. ಇಂಥದ್ದು ದಿನಾ ಆಗುದಿಲ್ಲ, ಆದಾಗ ಟೈಮ್‌ಟೇಬಲ್ ನೋಡ್ಬೇಡಿ.

ಕನ್ನಡ ಬರೆಯುದಕ್ಕೆ ಜ್ಞಾನೋಕ್ತಿಗಳು ಒಳ್ಳೇದು, ಒಟ್ಟು 31 ಅಧ್ಯಾಯ, ತಾರೀಕಿಗೊಂದು ಅಧ್ಯಾಯ ತೆಗೆದು ಅದರಲ್ಲಿ ಮಗು ಆರಿಸಿದ ಒಂದು ವಚನ ಕಾಪಿ ಬರೆಸಿ. ಒತ್ತಕ್ಷರ ಬೇಕಾದಷ್ಟು ಸಿಗ್ತದೆ. ಓದ್ಲಿಕ್ಕೆ ಶುರು ಮಾಡುವವರಿಗೆ ಮಾರ್ಕನ ಸುವಾರ್ತೆ, ನಾಲ್ಕರಲ್ಲಿ ಅದೇ ಚಿಕ್ಕದು. ಹಳೇ ಭಾಷಾಂತರ ಸಣ್ಣ ಮಕ್ಕಳ ನಾಲಿಗೆಗೆ ಸಿಗುದಿಲ್ಲ, ಹಾಗಾಗಿ ಓದ್ಲಿಕ್ಕೆ ಸರಳ ಕನ್ನಡದ್ದು ಕೊಡಿ, ಬಾಯಿಪಾಠಕ್ಕೆ ಮಾತ್ರ ಹಳೇದು, 23ನೇ ಕೀರ್ತನೆಯನ್ನು ಇಡೀ ಸಭೆ ಒಟ್ಟಿಗೆ ಹೇಳುವಾಗ ನಮ್ಮ ಮಕ್ಕಳು ಬೇರೆ ಎಂತದೋ ಹೇಳಿದ್ರೆ ಆಗುದಿಲ್ಲ.

ಆದ್ರೆ ಸತ್ಯವೇದದ ಕನ್ನಡ ಒಂದೇ ಸಾಲುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎಲ್ಲಾ ಕ್ಲಾಸಿನ ಪುಸ್ತಕ ಪುಕ್ಕಟೆ ಸಿಗ್ತದೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳುಂಟು, ಪೇಪರ್ ತರಿಸಿ. ಜುಲೈ 1 ಬಂದ್ರೆ ಮಕ್ಕಳಿಂದ ಒಂದು ಮನೆ ಪೇಪರ್ ಮಾಡಿಸಿ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಬಂದದ್ದು 1843ರ ಅದೇ ದಿನ, ಬಾಸೆಲ್ ಮಿಶನ್‌ನ ಹರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ತೆಗೆದದ್ದು. ನಮ್ಮ ಮನೆ ಪೇಪರಿನ ಹೆಡ್‌ಲೈನು ಪಕ್ಕದ ಮನೆ ನಾಯಿ ಮರಿ ಹಾಕಿದ್ದು.

ಲೆಕ್ಕ ಮತ್ತೆ ವಿಜ್ಞಾನ

ಲೆಕ್ಕ ದಿನಾ ಆಗ್ಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಸಾಕು. ನಮ್ಮಂಥ ಮನೆಗಳಲ್ಲಿ ಬೈಬಲ್, ಸಂಗೀತ, ಚಿತ್ರ ಎಲ್ಲ ಜೋರಾಗಿ ನಡೀತದೆ, ಭಾಗಾಕಾರ ಬಂದಾಗ ಮಾತ್ರ "ದೇವರು ನಡೆಸ್ತಾನೆ" ಅಂತಾರೆ. ನಡೆಸ್ತಾನೆ, ಸರಿ, ಭಾಗಾಕಾರ ನೀವೇ ಕಲಿಸ್ಬೇಕು. ಮೀನು ಮಾರ್ಕೆಟಿಗೆ ಹೋಗುವಾಗ ಮಗಳ ಕೈಗೆ ದುಡ್ಡು ಕೊಡಿ, ಬಂಗುಡೆ ಮುಕ್ಕಾಲು ಕಿಲೋಗೆ ಎಷ್ಟಾಯ್ತು, ವಾಪಸ್ ಎಷ್ಟು ಬರ್ಬೇಕು ಅಂತ ಅವಳೇ ಹೇಳ್ಲಿ.

ಇನ್ನು ಎಲ್ರೂ ಪಿಸುಗುಟ್ಟಿ ಕೇಳುವ ಪ್ರಶ್ನೆ, ವಿಕಾಸವಾದ ಕಲಿಸ್ತೀರಾ ಅಂತ. ಕಲಿಸ್ಬೇಕು ಅನ್ನುದು ನನ್ನ ಅಭಿಪ್ರಾಯ. ಪಠ್ಯದಲ್ಲಿ ಎಂತ ಉಂಟೋ ಅದನ್ನು ಸರಿಯಾಗಿ, ವಿಜ್ಞಾನಿಗಳು ಹೇಗೆ ಹೇಳ್ತಾರೋ ಹಾಗೇ ಓದಿಸಿ, ಆದಿಕಾಂಡದ ಬಗ್ಗೆ ಪ್ರಶ್ನೆ ಬಂದ್ರೆ ಊಟದ ಮೇಜಲ್ಲಿ ಮಾತಾಡಿ, ಬೇಕಾದ್ರೆ ಸಭಾಪಾಲಕರನ್ನು ಮನೆಗೆ ಕರೆದು ಮಕ್ಕಳೇ ಕೇಳ್ಲಿ. ಪುಟ ಅಂಟಿಸಿ ಮುಚ್ಚಿದ್ರೆ ಹದಿನೈದನೇ ವಯಸ್ಸಿಗೆ ಮೊಬೈಲಲ್ಲಿ ನೋಡಿ ಅಪ್ಪ ಅಮ್ಮ ಮುಚ್ಚಿಟ್ಟಿದ್ರು ಅಂತ ತಿಳ್ಕೊಳ್ತಾರೆ, ಆಮೇಲೆ ನೀವು ಹೇಳಿದ ಬೇರೆ ಯಾವುದನ್ನೂ ನಂಬುದಿಲ್ಲ.

ಬೇರೆ ಮಕ್ಕಳ ಜೊತೆ ಸೇರುದಿಲ್ವಾ ಅಂತ ಅತ್ತೆಯವರಿಂದ ಹಿಡಿದು ಆಟೋದವರವರೆಗೆ ಕೇಳ್ತಾರೆ. ಸಂಡೇ ಸ್ಕೂಲು, ಕ್ವಾಯರು, ರಜೆಯಲ್ಲಿ ವಿಬಿಎಸ್ಸು ಅಂದ್ರೆ ಮಕ್ಕಳ ಬೈಬಲ್ ಶಿಬಿರ ಇದ್ದೇ ಇರ್ತದೆ, ಆದ್ರೆ ಅಲ್ಲೆಲ್ಲ ನಮ್ಮವರೇ. ಸಂಜೆ ಮೈದಾನಕ್ಕೆ ಕಳಿಸಿ, ಎಲ್ಲಾ ಜಾತಿ ಧರ್ಮದ ಮಕ್ಕಳ ಜೊತೆ ಆಡ್ಲಿ, ಪಕ್ಕದ ಮನೆಯವರು ಚೌತಿಗೆ ಕರೆದ್ರೆ ಹೋಗಿ, ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿ) ತಟ್ಟೆ ಹಿಡ್ಕೊಂಡು ಅವರ ಮನೆಗೆ ಮಕ್ಕಳೇ ಹೋಗ್ಲಿ.

ಜ್ವರ, ನೆಂಟರು, ಕರೆಂಟಿಲ್ಲದ ದಿನ ಮೂರೇ ಮಾಡಿ: ಪ್ರಾರ್ಥನೆ, ಲೆಕ್ಕ, ಓದು. ಉಳಿದದ್ದು ನಾಳೆ. ರಾತ್ರಿ ಕಥೆ ಓದುದು ಪಪ್ಪನ ಕೆಲಸ ಅಂತ ಮೊದಲೇ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ಎಲ್ಲ ಅಮ್ಮನ ತಲೆ ಮೇಲೆ ಬರ್ತದೆ.

ಕಾನೂನು, ಪರೀಕ್ಷೆ, ಕಾಗದಪತ್ರ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿ ಉಂಟು, 6ರಿಂದ 14 ವರ್ಷದ ಮಕ್ಕಳಿಗೆ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುದು ಹೆತ್ತವರ ಕರ್ತವ್ಯ ಅಂತ ಅದರಲ್ಲಿ ಬರೆದಿದೆ, ಸೇರಿಸದವರಿಗೆ ಶಿಕ್ಷೆ ಅಂತ ಬರೆದಿಲ್ಲ, ಮನೆಪಾಠಕ್ಕೆ ಅಂತ ಬೇರೆ ನಿಯಮವೂ ಇಲ್ಲ. ಇದನ್ನು ತಿಳ್ಕೊಂಡೇ ಶುರು ಮಾಡಿ, ಯಾರಾದ್ರೂ "ಪೂರ್ತಿ ಲೀಗಲ್" ಅಂತ ಹೇಳಿದ್ರೆ ಹಾಗೇ ನಂಬಬೇಡಿ. ಮಗು ಕಲೀತಾ ಉಂಟು ಅಂತ ತೋರಿಸ್ಲಿಕ್ಕೆ ತಾರೀಕು ಹಾಕಿದ ನೋಟ್‌ಬುಕ್ಕುಗಳನ್ನು ವರ್ಷ ವರ್ಷ ಕಟ್ಟಿಡಿ. ಮಧ್ಯದಲ್ಲಿ ಶಾಲೆಗೆ ಸೇರಿಸುವ ಮನಸ್ಸಾದ್ರೆ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಲಿಕ್ಕೆ ಅದೇ ಕಾಯ್ದೆಯಲ್ಲಿ ದಾರಿ ಉಂಟು.

ಪರೀಕ್ಷೆಗೆ ಹೆಚ್ಚಿನವರು ಹೋಗುದು ಎನ್‌ಐಓಎಸ್ ಕಡೆ, ಅದು ಕೇಂದ್ರ ಸರ್ಕಾರದ ಓಪನ್ ಸ್ಕೂಲ್ ಬೋರ್ಡು, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಉಂಟು. ಸಣ್ಣವರಿಗೆ ಎ, ಬಿ, ಸಿ ಅಂತ ಮೂರು ಹಂತ, ಅವು 3, 5, 8ನೇ ಕ್ಲಾಸಿಗೆ ಸಮ, ಕಡ್ಡಾಯ ಅಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕನಿಷ್ಠ 14 ವರ್ಷ ಆಗಿರ್ಬೇಕು, ಐದು ಸಬ್ಜೆಕ್ಟು, ಕನ್ನಡವನ್ನು ಭಾಷೆಯಾಗಿ ತಗೊಳ್ಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೀತದೆ, ಎಲ್ಲಾ ಸಬ್ಜೆಕ್ಟನ್ನು ಒಂದೇ ಸಲ ಬರೀಬೇಕಂತಿಲ್ಲ.

ಅದಕ್ಕಿನ್ನೂ ವರ್ಷಗಳಿದ್ರೂ ಒಂದು ಕೆಲಸ ಈಗಲೇ ಮಾಡಿ. ನಮ್ಮವರಲ್ಲಿ ದೀಕ್ಷಾಸ್ನಾನದ ಸರ್ಟಿಫಿಕೇಟಲ್ಲಿ ಒಂದು ಹೆಸರು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಮೂರನೇದು ಇರುದು ಮಾಮೂಲಿ. ಶಾಲೆಯ ದಾಖಲೆ ಇಲ್ಲದ ಮಗುವಿಗೆ ಜನನ ಪ್ರಮಾಣಪತ್ರ ಮತ್ತೆ ಆಧಾರೇ ಎಲ್ಲದಕ್ಕೂ ಆಧಾರ, ಹಾಗಾಗಿ ಅವೆರಡರಲ್ಲಿ ಹೆಸರಿನ ಸ್ಪೆಲ್ಲಿಂಗು, ಇನಿಷಿಯಲ್ಲು, ಹುಟ್ಟಿದ ತಾರೀಕು ಅಕ್ಷರಕ್ಕಕ್ಷರ ಒಂದೇ ಉಂಟಾ ನೋಡಿ, ಇಲ್ಲದಿದ್ರೆ ತಿದ್ದುಪಡಿಗೆ ಅರ್ಜಿ ಹಾಕಿ, ಒಂದೆರಡು ಸಲ ಓಡಾಟ ಆದ್ರೂ ಹದಿಮೂರನೇ ವಯಸ್ಸಿನೊಳಗೆ ಮುಗಿಸಿ.