ಸೊವೆಟೊ: ಬಾಡಿಗೆ ವ್ಯಾನ್ ಬಿಟ್ಟ ಮೇಲೆ ಕೆಲಸ ಹತ್ತಿತು

ಜೋಹಾನ್ಸ್‌ಬರ್ಗ್‌ಗೆ ಬರುವ ನಮ್ಮೂರಿನವರಿಗೆ ಶನಿವಾರ ಇಲ್ಲಿನ ಕಪ್ಪು ಜನರ ದೊಡ್ಡ ಬಡಾವಣೆ ಸೊವೆಟೊ ತೋರಿಸುತ್ತೇನೆ. ಬಸ್ಸಲ್ಲೇ ಕರೆದುಕೊಂಡು ಹೋಗ್ತೀನಿ ಅಂದಾಗ ಇಲ್ಲಿನ ಗೆಳೆಯರು ನಕ್ಕಿದ್ದರು. ಈಗ ಊರಿಂದ ಬಂದ ಅಪ್ಪ-ಅಮ್ಮನನ್ನು ಅವರೇ ನನ್ನ ಜೊತೆ ಕಳಿಸುತ್ತಾರೆ.

ಮೊದಲು ವ್ಯಾನ್ ಹಿಡಿಯುತ್ತಿದ್ದೆ. ಡ್ರೈವರ್, ಡೀಸೆಲ್ ಸೇರಿ ಮೂರು ಸಾವಿರ ರ‍್ಯಾಂಡ್ ಹತ್ತಿರ ಆಗುತ್ತಿತ್ತು. ನಾಲ್ಕೇ ಜನ ಬಂದರೆ ಉಳಿದದ್ದು ನನ್ನ ಕೈಯಿಂದ. ಬಂದವರೂ ಕಿಟಕಿಯಿಂದ ಫೋಟೊ ಹೊಡೆದು ಸುಮ್ನಾಗುತ್ತಿದ್ದರು.

ಈಗ ನಗರದ ರೇಯಾ ವಾಯಾ ಬಸ್. ಕಾರ್ಡ್‌ಗೆ ಹಿಂದಿನ ದಿನವೇ ದುಡ್ಡು ತುಂಬಿಸಿಡುತ್ತೇನೆ. ಬೇರೆಯವರು ಮಂಡೇಲಾ ಮನೆಯಿರುವ ವಿಲಕಾಜಿ ಬೀದಿಯಿಂದ ಶುರು ಮಾಡುತ್ತಾರೆ. ನಾನು ಥೊಕೋಜಾ ಪಾರ್ಕ್‌ನಲ್ಲಿ ಇಳಿಸಿ ರೆಜೀನಾ ಮುಂಡಿ ಚರ್ಚ್‌ಗೆ ನಡೆಸುತ್ತೇನೆ. 1976ರ ಜೂನ್ 16ರಂದು ಶಾಲೆಯಲ್ಲಿ ಆಫ್ರಿಕಾನ್ಸ್ ಭಾಷೆ ಹೇರಿದ್ದಕ್ಕೆ ಪ್ರತಿಭಟಿಸಿ, ಇಲ್ಲಿಗೆ ಓಡಿಬಂದ ವಿದ್ಯಾರ್ಥಿಗಳ ಹಿಂದೆ ಪೊಲೀಸರೂ ನುಗ್ಗಿ ಗುಂಡು ಹಾರಿಸಿದ್ದರು. ಚಾವಣಿಯ ತೂತುಗಳು ಹಾಗೇ ಇವೆ. ಅದನ್ನು ನೋಡಿ ಹೋದವರಿಗೆ, ಅದೇ ದಿನ ಗುಂಡಿಗೆ ಬಲಿಯಾದ ಹುಡುಗ ಹೆಕ್ಟರ್ ಪೀಟರ್ಸನ್ ಹೆಸರಿನ ಮ್ಯೂಸಿಯಂನಲ್ಲಿ ನಾನು ಬಾಯಿ ಬಿಡಬೇಕಾಗಿಲ್ಲ.

ಮುಂದಕ್ಕೆ ಓರ್ಲ್ಯಾಂಡೊ ವೆಸ್ಟ್‌ಗೆ ಮಿನಿಬಸ್ ಟ್ಯಾಕ್ಸಿ. ಎಲ್ಲಿ ಹತ್ತಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ. ದುಡ್ಡು ಹಿಂದಿನ ಸೀಟಿಂದ ಕೈ ಬದಲಾಯಿಸುತ್ತಾ ಮುಂದೆ ಹೋಗುತ್ತದೆ. ಡ್ರೈವರ್ ಪಕ್ಕ ಕೂತವರೇ ಎಣಿಸಿ ಚಿಲ್ಲರೆ ವಾಪಸ್ ಕಳಿಸಬೇಕು. ಒಮ್ಮೆ ಬ್ಯಾಂಕಿಂದ ರಿಟೈರ್ ಆದ ಅಂಕಲ್ ಒಬ್ಬರು ಅಲ್ಲಿ ಕೂತು ಇಡೀ ಗಾಡಿಯ ಲೆಕ್ಕ ಚೊಕ್ಕ ಮಾಡಿದರು. ಮಂಡೇಲಾ ಮನೆಗಿಂತ ಅದೇ ಅವರಿಗೆ ಜಾಸ್ತಿ ಖುಷಿ!

ಊಟದ್ದೇ ತಲೆನೋವಾಗಿತ್ತು. ಕೋಟಾ ಅಂದರೆ ಕಾಲು ಬ್ರೆಡ್ ತೋಡಿ ಆಲೂ ಚಿಪ್ಸ್, ಮಾವಿನ ಅಚಾರ್, ಪೊಲೋನಿ ಅನ್ನೋ ಮಾಂಸದ ಸಾಸೇಜ್ ತುಂಬುವುದು. ಪೊಲೋನಿ ಬೇಡ ಅಂದರೂ ಚಾಕು ಅದೇ ಅಲ್ವಾ? ಕೊನೆಗೆ ಜೋಳದ ಹಿಟ್ಟಿನ ಪಾಪ್, ಖಾರದ ತರಕಾರಿ ಪಲ್ಯ ಚಕಲಕಾ, ಮೊರೊಗೊ ಸೊಪ್ಪನ್ನು ಬೇರೆ ಪಾತ್ರೆಯಲ್ಲೇ ಮಾಡಿಕೊಡುವ ಒಬ್ಬ ಅಮ್ಮ ಸಿಕ್ಕರು. ಪಾಪ್ ಬಿಳಿ ಮುದ್ದೆ ಇದ್ದ ಹಾಗೆ, ಹಾಸನದವರು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಅವರ ವಿಳಾಸ ಕೇಳಬೇಡಿ.

ನಡುವೆ ಟಾಲ್‌ಸ್ಟಾಯ್ ಫಾರ್ಮ್ ಸೇರಿಸಿ ನೋಡಿದೆ. 1910ರಲ್ಲಿ ಗೆಳೆಯ ಕಾಲೆನ್‌ಬಾಕ್ ಕೊಟ್ಟ ಜಮೀನಿನಲ್ಲಿ ಗಾಂಧೀಜಿ ಸತ್ಯಾಗ್ರಹಿಗಳ ಕುಟುಂಬಗಳನ್ನು ಇರಿಸಿದ ಜಾಗ, ಭಾರತೀಯರ ಬಡಾವಣೆ ಲೆನೇಸಿಯಾದ ಆಚೆ. ಜನಕ್ಕೆ ಹಿಡಿಸಿತು, ಆದರೆ ಅಲ್ಲಿಂದ ವಾಪಸ್ ಗಾಡಿ ಹುಡುಕುವಷ್ಟರಲ್ಲಿ ಆ ದಿನದ ಲಾಭ ಮಾಯ. ಈಗ ಆರು ಜನ ಕೇಳಿದರೆ ಮಾತ್ರ.

ತಲೆಗೆ ಆರುನೂರು ರ‍್ಯಾಂಡ್ ಆಸುಪಾಸು ತೆಗೆದುಕೊಳ್ಳುತ್ತೇನೆ. ಜೊತೆಗೆ ನಡೆಯುವ ಓರ್ಲ್ಯಾಂಡೊ ಹುಡುಗನಿಗೆ ಮೂರನೇ ಒಂದು ಭಾಗ, ಅದೂ ಬೆಳಿಗ್ಗೆಯೇ. ಇದರಲ್ಲಿ ಚೌಕಾಸಿ ಇಲ್ಲ. ಅವನಿಲ್ಲದ ಶನಿವಾರ ನಾನೂ ಹೊರಡುವುದಿಲ್ಲ.